ಲಂಗರು ಹಾಕಿ ನಿಂತ ಹಡಗುಗಳು

ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದ ಕಡೆಯವರಿಗೆ ಅಂಬಾರಗೋಡ್ಲು ಲಾಂಚ್ ಗೊತ್ತಲ್ವಾ? 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಸೇತುವೆ ಸಂಚಾರಕ್ಕೆ ತೆರೆಯಿತು. ಬಸ್ಸು, ಜೀಪು, ಅಡಿಕೆ ಮೂಟೆ ಎಲ್ಲವನ್ನೂ ದಾಟಿಸಿದ ಲಾಂಚಿಗೆ ಮೊದಲಿನ ಕೆಲಸ ತಪ್ಪಿತು. ಸೇತುವೆ ಬೇಕೇ ಬೇಕಿತ್ತು, ಎರಡು ಮಾತಿಲ್ಲ. ಆದರೂ ಕರುಳು ಚುರ್ ಅನ್ನುತ್ತದೆ.

ಚಿಕ್ಕಮ್ಮನ ಮಗ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದಾನೆ. ಹಬ್ಬಕ್ಕೆ ಬಂದಾಗ ಇದೇ ಮಾತು ಬಂತು. ದೊಡ್ಡ ಹಡಗುಗಳಿಗೂ ಇದೇ ಗತಿಯಂತೆ. ಬಾಡಿಗೆ ಬಿದ್ದುಹೋದರೆ ಹಳೆಯ ಹಡಗನ್ನು ಲಂಗರು ಹಾಕಿ ನಿಲ್ಲಿಸುತ್ತಾರೆ. ಬೇಗ ಹೊರಡಿಸುವುದಿದ್ದರೆ ಜನರೇಟರ್ ಓಡುತ್ತಿರುತ್ತದೆ. ಇಲ್ಲದಿದ್ದರೆ ಎಂಜಿನ್ ಪೂರ್ತಿ ಬಂದ್, ಕಾಯಲು ಬೆರಳೆಣಿಕೆಯ ಜನ. ನಮ್ಮ ಆಷಾಢದ ಹಾಗೆ ಅಲ್ಲೂ ತೇವದ್ದೇ ಕಾಟ. ಅದಕ್ಕೆ ಒಳಗೆ ತೇವ ಹೀರುವ ಯಂತ್ರ ಇಡುತ್ತಾರೆ. ಹೊರಗೆ ಉಪ್ಪುಗಾಳಿಗೆ ಬಣ್ಣ ಹಪ್ಪಳೆ ಏಳುತ್ತದೆ, ತಳಕ್ಕೆ ಪಾಚಿ, ಚಿಪ್ಪು ಕಟ್ಟುತ್ತದೆ.

ವಯಸ್ಸು 25 ದಾಟಿದರೆ ಎಷ್ಟೋ ಹಡಗಿಗೆ ಗುಜರಾತಿನ ಅಲಂಗ್‌ನ ದಾರಿ. ಉಬ್ಬರದ ನೀರಿನಲ್ಲಿ ದಡಕ್ಕೆ ನುಗ್ಗಿಸಿ, ಗ್ಯಾಸ್ ಕಟ್ಟರ್ ಹಿಡಿದು ತುಂಡು ಮಾಡುತ್ತಾರೆ.

ನನಗೆ ಜಾಸ್ತಿ ಸಂಕಟ ಆಗುವುದು ಹೀಗೆ ನಿಂತ ಹಡಗಿನೊಳಗೆ ಸಿಕ್ಕಿಬಿದ್ದ ಕೆಲಸದವರ ಬಗ್ಗೆ. ಕೆಲವು ಮಾಲೀಕರು ಸಂಬಳ, ದಿನಸಿ ಎರಡನ್ನೂ ನಿಲ್ಲಿಸಿ ಕೈಬಿಡುತ್ತಾರೆ. ಸುಮ್ನೆ ಇಳಿದು ಬರಲು ಎಷ್ಟೋ ಕಡೆ ಬಂದರಿನವರು ಬಿಡುವುದಿಲ್ಲ. ಅದಕ್ಕೇ 2017ರಲ್ಲಿ ಅಂತರರಾಷ್ಟ್ರೀಯ ನಿಯಮವೊಂದು ಜಾರಿಗೆ ಬಂತು. ಒಪ್ಪಿದ ದೇಶಗಳ ಹಡಗಿನಲ್ಲಿ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ, ಊಟ, ಊರಿಗೆ ಮರಳುವ ಖರ್ಚಿಗೆ ವಿಮೆಯಂಥ ಭದ್ರತೆ ಇರಲೇಬೇಕು. ಆ ಭದ್ರತೆಯ ಪ್ರಮಾಣಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕಿರಬೇಕು. ನಿಮ್ಮ ಮನೆಯ ಹುಡುಗರು ಹಡಗಿಗೆ ಹೊರಟಿದ್ದರೆ ಇದನ್ನು ಮೊದಲೇ ವಿಚಾರಿಸಲು ಹೇಳಿ.