ಸಿಕ್ಕಿಕೊಂಡ ಸನ್‌ರೂಫ್: ಮೋಟರ್ ಬಿಚ್ಚುವ ಮುನ್ನ

ಸನ್‌ರೂಫ್ ಅರ್ಧಕ್ಕೆ ನಿಂತರೆ ಎಲ್ಲರ ಕೈಯೂ ಮೊದಲು ಹೋಗುವುದು ಸ್ವಿಚ್ಚಿಗೇ. ಒತ್ತುತ್ತಾರೆ, ಅಲುಗದಿದ್ದರೆ ಇನ್ನೂ ಜೋರಾಗಿ ಒತ್ತುತ್ತಾರೆ, ಪಕ್ಕದಲ್ಲಿದ್ದವರು ಗಾಜಿಗೆ ಕೈ ಕೊಟ್ಟು ತಳ್ಳುತ್ತಾರೆ. ಒಂದು ಬಟ್ಟೆ, ಸ್ವಲ್ಪ ಗ್ರೀಸಿನಲ್ಲಿ ಮುಗಿಯಬೇಕಿದ್ದ ಕೆಲಸ ಇಡೀ ಚೌಕಟ್ಟನ್ನೇ ಬದಲಿಸುವವರೆಗೆ ಹೋಗುವುದು ಈ ಹೊತ್ತಿನಲ್ಲೇ. ಎರಡು ಸಲ ಒತ್ತಿ ನೋಡಿ. ಓಡದಿದ್ದರೆ ಸ್ವಿಚ್ ಬಿಟ್ಟುಬಿಡಿ. ಮೋಟರ್ ತಾನಾಗಿ ಕೆಡುವುದು ಕಡಿಮೆ. ಬಹಳಷ್ಟು ಸಲ ಅದು ಬೇರೆಲ್ಲೋ ಇರುವ ತಡೆಯಿಂದ ನಿಂತಿರುತ್ತದೆ.

ತಡೆ ಎಲ್ಲಿದೆ ಎಂದು ಹುಡುಕಬೇಕಾದರೆ ಒಳಗೇನಿದೆ ಎಂಬುದು ಗೊತ್ತಿರಬೇಕು. ಗಾಜಿನ ಎರಡೂ ಪಕ್ಕ ಅಲ್ಯೂಮಿನಿಯಂ ರೈಲು. ರೈಲಿನೊಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಸ್ಲೈಡರ್‌ಗಳು ಜಾರುತ್ತವೆ, ಗಾಜಿನ ಹಿಂಬದಿಯನ್ನು ಎತ್ತಿಳಿಸುವ ತೋಳು ಅವಕ್ಕೇ ಸೇರಿರುತ್ತದೆ. ಒಂದೊಂದು ಪಕ್ಕಕ್ಕೆ ಒಂದೊಂದು ಉಕ್ಕಿನ ಕೇಬಲ್. ಮೈಮೇಲೆ ಸುರುಳಿ ಸುತ್ತಿರುವುದರಿಂದ ಇದು ಎಳೆಯುತ್ತದೆ, ತಳ್ಳುತ್ತದೆ ಕೂಡ. ಎರಡೂ ಕೇಬಲ್‌ಗಳು ಮೋಟರಿನ ಪುಟ್ಟ ಹಲ್ಲುಚಕ್ರದ ಎರಡು ಮಗ್ಗುಲಿಗೆ ಹಾದುಹೋಗುತ್ತವೆ. ಚಕ್ರ ತಿರುಗಿದರೆ ಎಡಬಲ ಎರಡೂ ಒಂದೇ ಅಳತೆಗೆ ಸರಿಯಬೇಕು. ಗಾಜು ಎಲ್ಲಿದೆ ಎಂಬುದನ್ನು ಮೋಟರಿನ ಕಂಟ್ರೋಲ್ ಯೂನಿಟ್ ತಿಳಿಯುವುದು ಹಾಲ್ ಸೆನ್ಸರ್ ಎಣಿಸುವ ಸುತ್ತುಗಳಿಂದ. ಮುಚ್ಚುವಾಗ ವೇಗ ಥಟ್ಟನೆ ಕುಗ್ಗಿದರೆ ಯಾರದೋ ಬೆರಳು ಸಿಕ್ಕಿತೆಂದು ಅದು ಗಾಜನ್ನು ವಾಪಸು ಓಡಿಸುತ್ತದೆ.

ಹಾಗಾಗಿ ಮೊದಲ ಪರೀಕ್ಷೆ ಕಿವಿಯದು. ಎಂಜಿನ್ ಚಾಲೂ ಮಾಡಿ, ಎಸಿ, ಸ್ಟೀರಿಯೊ ಆರಿಸಿ, ಸ್ವಿಚ್ ಒಂದು ಸಲ ಒತ್ತಿ ಕೇಳಿ. ಕಾರು ಬಯಲಲ್ಲಿರಲಿ, ಮುಚ್ಚಿದ ಗ್ಯಾರೇಜಿನಲ್ಲಿ ಬೇಡ.

ಏನೂ ಸದ್ದಿಲ್ಲ ಎಂದರೆ ಹುಡುಕಾಟ ಕರೆಂಟಿನ ಕಡೆಗೆ. ಫ್ಯೂಸ್ ಯಾವುದೆಂದು ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಮೇಲಿರುತ್ತದೆ. ಸಾಮಾನ್ಯವಾಗಿ 20 ಅಥವಾ 30 ಆಂಪಿಯರಿನದು. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿ. ತಕ್ಷಣ ಮತ್ತೆ ಸುಟ್ಟರೆ ವೈರ್ ಶಾರ್ಟ್ ಆಗಿದೆ, ಇಲ್ಲವೇ ಮೋಟರ್ ಹಿಡಿದುಕೊಂಡಿದೆ. ಫ್ಯೂಸ್ ಸರಿಯಿದ್ದರೆ ಮೋಟರಿನ ಪ್ಲಗ್ಗಿನಲ್ಲಿ ಮಲ್ಟಿಮೀಟರ್ ಇಟ್ಟು, ಇನ್ನೊಬ್ಬರಿಂದ ಸ್ವಿಚ್ ಒತ್ತಿಸಿ. ಸುಮ್ಮನಿದ್ದಾಗ ತೋರುತ್ತಿದ್ದ ವೋಲ್ಟೇಜು ಒತ್ತಿದೊಡನೆ ಒಂದು ವೋಲ್ಟಿಗಿಂತ ಹೆಚ್ಚು ಬಿದ್ದು, ಅದೇ ಹೊತ್ತಿಗೆ ಬ್ಯಾಟರಿಯಲ್ಲಿ ಬೀಳದಿದ್ದರೆ ದೋಷ ವೈರು ಅಥವಾ ಅರ್ಥಿಂಗಿನದು. ರೂಫ್ ಲೈಟಿನ ಹಿಂದಿನ ಪ್ಲಗ್ಗುಗಳಲ್ಲಿ ಹಸಿರು ಕಿಲುಬು ಕಂಡರೆ ನೀರು ಸೋರಿದೆ ಎಂದೇ ಲೆಕ್ಕ. ಒಂದು ಎಚ್ಚರಿಕೆ: ಹೊಸ ಕಾರುಗಳಲ್ಲಿ ಕಂಟ್ರೋಲ್ ಯೂನಿಟ್ ಮೋಟರಿನ ಮೈಯಲ್ಲೇ ಇರುತ್ತದೆ. ಹಳೆಯ ಮೋಟರುಗಳಂತೆ ಬ್ಯಾಟರಿಯಿಂದ ಎರಡು ವೈರು ತಂದು ನೇರ ಮುಟ್ಟಿಸಿದರೆ ಚೆನ್ನಾಗಿದ್ದ ಮೋಟರೂ ಹಾಳು.

ಬಹಳ ಸಲ ಒತ್ತಿದ ಮೇಲೆ ಸದ್ದು ನಿಂತಿದ್ದರೆ ಹತ್ತು ನಿಮಿಷ ಸುಮ್ಮನಿರಿ. ಬಿಸಿಯೇರಿದ ಮೋಟರನ್ನು ಕಂಟ್ರೋಲ್ ಯೂನಿಟ್ಟೇ ತಡೆದಿಟ್ಟಿರಬಹುದು.

ಮೋಟರ್ ಹಗುರಾಗಿ ಗಿರ್ರೆಂದು ತಿರುಗಿ ಗಾಜು ಮಾತ್ರ ಕದಲದಿದ್ದರೆ ಹಲ್ಲುಚಕ್ರ ಸವೆದಿದೆ, ಇಲ್ಲವೇ ಕೇಬಲ್ಲಿನ ಸುರುಳಿ ಕಿತ್ತಿದೆ. ಮೋಟರಿನ ಸ್ಕ್ರೂಗಳು ಸಡಿಲವಾಗಿ ಚಕ್ರ ಕೇಬಲ್ಲಿನಿಂದ ಮೇಲೆದ್ದಿರುವುದೂ ಉಂಟು. ಮೂರನೆಯದು ಅಗ್ಗದ ದೋಷ, ಮೊದಲು ಅದನ್ನೇ ನೋಡಿ. ಟಕಟಕ ಎಂದು ಹಲ್ಲು ಹಾರುವ ಸದ್ದು ಬಂದರೆ ಇನ್ನೊಮ್ಮೆ ಒತ್ತಲೇಬೇಡಿ.

ಗಾಜು ಸ್ವಲ್ಪ ಓಡಿ ವಾಪಸು ಬರುವುದು ಎಲ್ಲಕ್ಕಿಂತ ಸಾಮಾನ್ಯ ದೂರು. ನಮ್ಮ ಕಡೆ ಇದಕ್ಕೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಬೇಸಿಗೆಯಿಡೀ ಕೆಂಧೂಳು ರೈಲಿನ ಗ್ರೀಸಿಗೆ ಅಂಟುತ್ತದೆ. ಹೊಂಗೆಮರದ ಕೆಳಗೆ ನಿಲ್ಲಿಸಿದ ಕಾರಿಗೆ ಮಾರ್ಚ್, ಏಪ್ರಿಲ್‌ನಲ್ಲಿ ಹೂವಿನ ಮಳೆ. ಈ ಮಿಶ್ರಣ ಬಿಸಿಲಿಗೆ ಒಣಗಿ ರೈಲಿನ ತಿರುವಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಮೋಟರಿಗೆ ಇದೂ ಒಂದೇ, ಬೆರಳೂ ಒಂದೇ. ಅಮೆರಿಕ, ಕೆನಡಾದಲ್ಲಿರುವವರಿಗೆ ಧೂಳಿನ ಜಾಗದಲ್ಲಿ ಮಂಜುಗಡ್ಡೆ: ಗಾಜಿನ ಸುತ್ತಲಿನ ರಬ್ಬರ್ ಪಟ್ಟಿಗೆ, ಅಂದರೆ ಬೀಡಿಂಗಿಗೆ, ಗಾಜು ಅಂಟಿರುವಾಗ ಒತ್ತದೆ, ಒಳಗೆ ಹೀಟರ್ ಹಾಕಿ ಕರಗಿಸಿಕೊಳ್ಳಬೇಕು.

ಶುಚಿ ಮಾಡುವ ಕ್ರಮ ಹೀಗೆ. ಗಾಜು ತೆರೆಯುವಷ್ಟು ತೆರೆದು ಇಗ್ನಿಷನ್ ಆಫ್ ಮಾಡಿ. ಸಡಿಲ ಕಸವನ್ನು ವ್ಯಾಕ್ಯೂಮ್‌ನಿಂದ ಎಳೆಯಿರಿ. ಊದಿದರೆ ಒಳಗೇ ಹೋಗುತ್ತದೆ. ಆಮೇಲೆ ಹಳೆಯ ಗ್ರೀಸು ಪೂರ್ತಿ ಹೋಗಬೇಕು. ಹೊಸದನ್ನು ಹಳೆಯದರ ಮೇಲೆ ಬಳಿಯುವುದು ದಂಡ, ಒಳಗಿರುವ ಮರಳು ಅರೆಯುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಪಟ್ಟಿಯ ತುದಿಗೆ ಹತ್ತಿಬಟ್ಟೆ ಸುತ್ತಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೇವ ಮಾಡಿ, ಬಟ್ಟೆ ಬಿಳಿಯಾಗಿ ಬರುವವರೆಗೂ ರೈಲು ಒರೆಸಿ. ಎತ್ತುವ ತೋಳಿನ ಪಿನ್ನು ಓಡುವ ವಕ್ರ ಸೀಳಿಗೆ ಹಲ್ಲುಜ್ಜುವ ಬ್ರಷ್ಷು, ಬಿದಿರಿನ ಕಡ್ಡಿ. ಸಣ್ಣ ಕಲ್ಲೊಂದು ಕೂತು ಗಾಜು ನಿಲ್ಲಿಸುವುದು ಹೆಚ್ಚಾಗಿ ಆ ಸೀಳಿನಲ್ಲೇ. ಪೆಟ್ರೋಲ್, ಥಿನ್ನರ್ ಬೇಡ. ಪ್ಲಾಸ್ಟಿಕ್ಕಿಗೂ ಪೇಂಟಿಗೂ ಕೇಡು.

ಡಬ್ಲ್ಯುಡಿ-40 ಸ್ಪ್ರೇ ಹೊಡೆದರೆ ಸನ್‌ರೂಫ್ ಆ ಕ್ಷಣಕ್ಕೆ ಓಡುತ್ತದೆ ನಿಜ, ಅದಕ್ಕೇ ಎಲ್ಲರಿಗೂ ಅದರ ಮೇಲೆ ಪ್ರೀತಿ. ಇದ್ದ ಗ್ರೀಸನ್ನು ಕರಗಿಸಿ ಹರಿಸಿ, ತೆಳ್ಳನೆಯ ಎಣ್ಣೆ ಉಳಿಸಿ ಹೋಗುತ್ತದೆ. ಅದರ ಮೇಲೆ ಧೂಳು ಮೊದಲಿಗಿಂತ ಬೇಗ ಕೂರುತ್ತದೆ. ರೈಲಿಗೆ ಬೇಕಿರುವುದು ಪ್ಲಾಸ್ಟಿಕ್ಕಿಗೆ ಹೊಂದುವ ಸಿಂಥೆಟಿಕ್ ಗ್ರೀಸು, ಪಿಟಿಎಫ್‌ಇ (ಟೆಫ್ಲಾನ್) ಬೆರೆತದ್ದಾದರೆ ಒಳ್ಳೆಯದು. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸು ಬೇಡ. ಪ್ರತಿ ರೈಲಿಗೆ ಒಂದೆರಡು ಬಟಾಣಿಯಷ್ಟು ಸಾಕು. ಸಣ್ಣ ಬ್ರಷ್ಷಿನಿಂದ ಸ್ಲೈಡರ್ ತಾಗುವ ಮುಖಗಳಿಗೆ ಮಾತ್ರ ತೆಳುವಾಗಿ ಎಳೆಯಿರಿ. ಬೀಡಿಂಗ್ ಸಾಮಾನ್ಯವಾಗಿ ಇಪಿಡಿಎಂ ರಬ್ಬರಿನದು, ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬುತ್ತದೆ. ಉಬ್ಬಿದ ಬೀಡಿಂಗ್ ಮತ್ತೆ ಗಾಜನ್ನು ಹಿಡಿಯುತ್ತದೆ. ಅದಕ್ಕೆ ಸಿಲಿಕೋನ್ ಮಾತ್ರ, ಅದೂ ಬಟ್ಟೆಗೆ ಹಾಕಿಕೊಂಡು ಸವರುವಷ್ಟು. ಮೂರು ನಾಲ್ಕು ಸಲ ತೆರೆದು ಮುಚ್ಚಿ, ರೈಲಿನ ಕೊನೆಗೆ ಗುಡ್ಡೆಯಾದ ಗ್ರೀಸು ಒರೆಸಿಬಿಡಿ.

ಗಾಜು ನಿಂತು ನಿಂತು ಸ್ವಲ್ಪಸ್ವಲ್ಪವೇ ಓಡುತ್ತಿದ್ದರೆ, ಅಥವಾ ಎತ್ತುತ್ತದೆ ಆದರೆ ಹಿಂದೆ ಜಾರುವುದಿಲ್ಲ ಎಂದರೆ, ಇತ್ತೀಚೆಗೆ ಬ್ಯಾಟರಿ ಬಿಚ್ಚಿದ್ದಿರಾ ಎಂದು ನೆನಪಿಸಿಕೊಳ್ಳಿ. ಕಂಟ್ರೋಲ್ ಯೂನಿಟ್ ಲೆಕ್ಕ ಮರೆತಿರುತ್ತದೆ, ರೀಸೆಟ್ ಮಾಡಬೇಕು. ಕ್ರಮ ಕಾರಿಂದ ಕಾರಿಗೆ ಬೇರೆ, ಮ್ಯಾನ್ಯುಯಲ್ ನೋಡಿಯೇ ಮಾಡಿ. ಹುಂಡೈನ ಅನೇಕ ಮಾದರಿಗಳಲ್ಲಿ ಎಂಜಿನ್ ಚಾಲೂ ಇಟ್ಟು ಗಾಜು ಪೂರ್ತಿ ಮುಚ್ಚಿ, ಸ್ವಿಚ್ ಬಿಟ್ಟು, ಮತ್ತೆ ಮುಚ್ಚುವ ದಿಕ್ಕಿಗೆ ಸುಮಾರು 10 ಸೆಕೆಂಡ್ ಹಿಡಿಯಬೇಕು. ಗಾಜು ಒಂದಿಷ್ಟು ಅಲುಗಿದೊಡನೆ ಬಿಟ್ಟು, ತಡಮಾಡದೆ ಪುನಃ ಹಿಡಿದರೆ ಅದು ತಾನೇ ಪೂರ್ತಿ ತೆರೆದು ಮುಚ್ಚಿಕೊಳ್ಳುತ್ತದೆ. ಆ ಓಟ ಮುಗಿಯುವವರೆಗೂ ಬೆರಳು ತೆಗೆಯಬಾರದು; ತೆಗೆದರೆ ಮೊದಲಿಂದ ಶುರು. ಈ ಹೊತ್ತಿನಲ್ಲಿ ಬೆರಳು ಸಿಕ್ಕರೆ ವಾಪಸು ಓಡುವ ರಕ್ಷಣೆ ಕೆಲಸ ಮಾಡದಿರಬಹುದು, ಮಕ್ಕಳು ಕಾರಿನಿಂದಾಚೆ ಇರಲಿ.

ರೀಸೆಟ್ ಯಾವಾಗಲೂ ಶುಚಿಯಾದ ಮೇಲೆ. ಕೊಳೆಯ ರೈಲಿನಲ್ಲಿ ಮಾಡಿದರೆ ಸಿಕ್ಕಿಕೊಂಡ ಜಾಗವನ್ನೇ ಕೊನೆಯೆಂದು ಅದು ಕಲಿತುಬಿಡಬಹುದು.

ಇನ್ನು ಕಷ್ಟದ ದೋಷ: ಗಾಜು ಓರೆಯಾಗುವುದು. ಕಾರಿನ ಹೊರಗೆ ನಿಂತು ಗಾಜಿನ ಹಿಂದಿನ ಎರಡು ಮೂಲೆಗಳಿಂದ ಚೌಕಟ್ಟಿಗೆ ಇರುವ ಅಂತರ ಅಳೆಯಿರಿ. ಎಡಕ್ಕೂ ಬಲಕ್ಕೂ ಕೆಲವು ಮಿಲಿಮೀಟರ್ ವ್ಯತ್ಯಾಸ ಬಂದರೆ ಒಂದು ಕೇಬಲ್ ಹಲ್ಲು ಹಾರಿದೆ, ಅಥವಾ ಒಂದು ಪಕ್ಕದ ಸ್ಲೈಡರ್ ಮುರಿದಿದೆ. ಮೋಟರ್ ಓಡಿಸಿ ಇದನ್ನು ಸರಿಮಾಡಲಾಗದು; ಓಡಿದಷ್ಟೂ ಹಿಂದುಳಿದ ಪಕ್ಕ ರೈಲಿಗೆ ಕಚ್ಚಿಕೊಳ್ಳುತ್ತದೆ.

ಇದಕ್ಕೆ ಗಾಜು ತೆಗೆಯಲೇಬೇಕು. ಗಾಜನ್ನು ಹಿಂಬದಿ ಎತ್ತಿದ ಸ್ಥಿತಿಗೆ ತಂದರೆ ಒಳಬದಿಯ ಪಕ್ಕದ ಪ್ಲಾಸ್ಟಿಕ್ ಮುಚ್ಚಿಗೆ ಸರಿಯುತ್ತದೆ, ಹಿಂದೆ ಪ್ರತಿ ಪಕ್ಕಕ್ಕೆ ಎರಡೋ ಮೂರೋ ಟಾರ್ಕ್ಸ್ (ನಕ್ಷತ್ರದಾಕಾರದ ಕುಳಿಯ) ಸ್ಕ್ರೂಗಳಿರುತ್ತವೆ, ಅನೇಕ ಕಾರುಗಳಲ್ಲಿ ಟಿ-25 ಅಳತೆಯವು. ಬಿಚ್ಚುವ ಮೊದಲು ಪ್ರತಿ ಸ್ಕ್ರೂವಿನ ಸುತ್ತ ಮಾರ್ಕರಿನಿಂದ ಗೆರೆ ಎಳೆಯಿರಿ. ಮರಳಿ ಕೂರಿಸುವಾಗ ಅರ್ಧ ದುಡಿಮೆ ಉಳಿಯುತ್ತದೆ. ಗಾಜನ್ನು ಇಬ್ಬರು ಸೇರಿ ಮೇಲಕ್ಕೇ ಎತ್ತಿ, ಕಂಬಳಿಯ ಮೇಲೆ ಮಲಗಿಸಿ. ಅಂಚಿನ ಮೇಲೆ ನಿಲ್ಲಿಸಬೇಡಿ, ಟಫನ್ಡ್ ಗಾಜಿನ ದುರ್ಬಲ ಭಾಗ ಅಂಚೇ.

ಆಮೇಲೆ ರೂಫ್ ಲೈಟಿನ ಕನ್ಸೋಲ್ ಇಳಿಸಿ ಮೋಟರ್ ಹುಡುಕಿ. ರೂಫಿನುದ್ದಕ್ಕೂ ಗಾಜಿರುವ ಪ್ಯಾನರಾಮಿಕ್ ಸನ್‌ರೂಫ್‌ಗಳಲ್ಲಿ ಅದು ಬೇರೆಡೆಯೂ ಇರಬಹುದು, ಸನ್‌ಶೇಡಿಗೆ ಇನ್ನೊಂದು ಮೋಟರ್ ಇರಬಹುದು. ಮೋಟರನ್ನು ಸಾಮಾನ್ಯವಾಗಿ ಮೂರು ಸ್ಕ್ರೂ ಹಿಡಿದಿರುತ್ತವೆ. ಅದು ಕಳಚಿದೊಡನೆ ಕೇಬಲ್ ಎರಡೂ ಸ್ವತಂತ್ರ. ಈಗ ಎರಡೂ ಪಕ್ಕದ ಸ್ಲೈಡರನ್ನು ಕೈಯಿಂದ ಸರಿಸಿ. ಸಲೀಸಾಗಿ ಓಡಿದರೆ ರೈಲು ಸರಿಯಿದೆ. ಒಂದು ಕಡೆ ಹಿಡಿದರೆ ದೋಷ ಅಲ್ಲೇ, ಟಾರ್ಚ್ ಹಾಕಿ ಮುರಿದ ಕೊಕ್ಕೆ, ಬಾಗಿದ ರೈಲು ನೋಡಿ. ಸನ್‌ರೂಫಿನಿಂದ ತಲೆ ಹೊರಹಾಕಿ ನಿಂತವರು ಅಂಚಿನ ಮೇಲೆ ಮೈಭಾರ ಬಿಟ್ಟರೆ ಬಾಗುವುದು ರೈಲಿನ ಮುಂತುದಿ ಮತ್ತು ಗಾಳಿತಡೆ. ಮದುವೆ ಮೆರವಣಿಗೆ ಮುಗಿದ ಮೇಲೆ ಗ್ಯಾರೇಜಿನಲ್ಲಿ ಈ ಕಾರುಗಳ ಮಾಲೀಕರು ಮಾತ್ರ ಏನೂ ಆಗಿಲ್ಲ ಎನ್ನುತ್ತಾರೆ.

ಜೋಡಿಸುವಾಗ ನಿಯಮ ಒಂದೇ: ಎರಡೂ ಸ್ಲೈಡರ್ ಪೂರ್ತಿ ಮುಚ್ಚಿದ ಸ್ಥಿತಿಯ ಗುರುತಿಗೆ ಬಂದಿರಬೇಕು, ಮೋಟರ್ ಕೂಡ ತನ್ನ ಮುಚ್ಚಿದ ಸ್ಥಿತಿಯಲ್ಲೇ ಇರಬೇಕು. ಅನೇಕ ಚೌಕಟ್ಟುಗಳಲ್ಲಿ ಇದಕ್ಕೆಂದೇ ಗೆರೆ, ಇಲ್ಲವೇ ಪಿನ್ನು ತೂರಿಸಿ ಸ್ಲೈಡರನ್ನು ಹಿಡಿದಿಡುವ ತೂತು ಇರುತ್ತದೆ. ಗುರುತು ಕೂಡಿದ ಮೇಲೆ ಮೋಟರ್ ಕೂರಿಸಿ ಸ್ಕ್ರೂ ಬಿಗಿಮಾಡಿ, ಗಾಜಿಲ್ಲದೆಯೇ ಒಂದು ಸಲ ಓಡಿಸಿ ನೋಡಿ. ಎರಡೂ ಪಕ್ಕ ಜೊತೆಜೊತೆಗೆ ಸಾಗಿದರೆ ಗಾಜು ಹಾಕಿ. ಸ್ಕ್ರೂ ಪೂರ್ತಿ ಬಿಗಿಯುವ ಮುನ್ನ ಮಟ್ಟ ಹೊಂದಿಸಿ: ಗಾಜಿನ ಮುಂದಿನ ಅಂಚು ರೂಫಿನ ಸಮಕ್ಕೆ ಅಥವಾ 1 ಮಿಲಿಮೀಟರ್ ಒಳಗೆ, ಹಿಂದಿನ ಅಂಚು ಸಮಕ್ಕೆ ಅಥವಾ 1 ಮಿಲಿಮೀಟರ್ ಮೇಲೆ. ತದ್ವಿರುದ್ಧವಾದರೆ ಹೈವೇಯಲ್ಲಿ ಗಾಳಿ ಶಿಳ್ಳೆ ಹೊಡೆಯುತ್ತದೆ. ಬೀಡಿಂಗ್ ಒತ್ತಡ ನೋಡಲು ಒಂದು ಕಾಗದ ಇಟ್ಟು ಮುಚ್ಚಿ ಎಳೆಯಿರಿ. ಸುತ್ತಲೂ ಒಂದೇ ಬಿಗಿಯಲ್ಲಿ ಬರಬೇಕು. ಕೊನೆಗೆ ರೀಸೆಟ್.

ದಾರಿಯಲ್ಲಿ ತೆರೆದೇ ಸಿಕ್ಕಿಕೊಂಡು ಮಳೆ ಹಿಡಿದರೆ? ಕೆಲವು ಕಾರುಗಳಲ್ಲಿ ರೂಫ್ ಲೈಟಿನ ಹಿಂದೆ ಮೋಟರಿನ ತುದಿಗೆ ಅಲೆನ್ ಕೀ ಕೂರುವ ತೂತಿರುತ್ತದೆ, 4 ಅಥವಾ 5 ಮಿಲಿಮೀಟರಿನದು. ಕೀಯನ್ನು ಕೈಯಿಂದಲೇ ನಿಧಾನ ತಿರುಗಿಸಿ ಮುಚ್ಚಬಹುದು. ಡ್ರಿಲ್ ಮಷೀನ್ ಹಾಕಬಾರದು. ಈ ಸೌಲಭ್ಯವಿಲ್ಲದ ಹೊಸ ಕಾರುಗಳೂ ಬಹಳ. ಆಗ ದಪ್ಪ ಪಾಲಿಥಿನ್ ಹಾಳೆಯನ್ನು ರೂಫಿನ ಮೇಲೆ ಹಾಸಿ, ಎರಡೂ ತುದಿ ಬಾಗಿಲ ಸಂದಿಗೆ ಸಿಕ್ಕಿಸಿ ಬಾಗಿಲು ಹಾಕಿದರೆ ಮನೆ ಮುಟ್ಟಬಹುದು, ನಿಧಾನಕ್ಕೆ ಓಡಿಸಿದರೆ.

ನೀರಿನ ವಿಷಯ ಬಂದದ್ದರಿಂದ ಡ್ರೈನ್ ಪೈಪಿನ ಮಾತು. ಬೀಡಿಂಗ್ ನೀರನ್ನು ಪೂರ್ತಿ ತಡೆಯುವುದಿಲ್ಲ, ತಡೆಯಬೇಕೆಂದೂ ಇಲ್ಲ. ಒಳಬಂದ ನೀರು ಚೌಕಟ್ಟಿನ ಕಾಲುವೆಗೆ ಬಿದ್ದು, ಮೂಲೆಗಳ ಪೈಪುಗಳಿಂದ ರೂಫ್ ಹೊತ್ತ ಕಂಬಗಳೊಳಗೆ ಇಳಿದು ಕಾರಿನ ಕೆಳಗೆ ಹೋಗಬೇಕು. ಹೂವು, ಎಲೆಚೂರು ಪೈಪಿನ ಬಾಯಿ ಕಟ್ಟಿದರೆ ನೀರು ರೂಫಿನ ಒಳಹೊದಿಕೆಗೆ, ಅಂದರೆ ಲೈನಿಂಗಿಗೆ, ಇಳಿಯುತ್ತದೆ, ಪ್ಲಗ್ಗು ತುಕ್ಕು ಹಿಡಿಯುತ್ತದೆ, ಮೋಟರ್ ಸಾಯುತ್ತದೆ. ಮಲೆನಾಡು, ಕರಾವಳಿಯವರು ಜೂನ್‌ಗೆ ಮೊದಲೇ ಪ್ರತಿ ಮೂಲೆಗೂ ಸುಮಾರು 100 ಮಿಲಿಲೀಟರ್ ನೀರು ನಿಧಾನ ಸುರಿದು ಕೆಳಗೆ ಹರಿಯುತ್ತದೆಯೇ ನೋಡಬೇಕು. ನಿಂತರೆ ಹುಲ್ಲು ಕತ್ತರಿಸುವ ಯಂತ್ರದ 2 ಮಿಲಿಮೀಟರ್ ನೈಲಾನ್ ದಾರವನ್ನು ಮೆಲ್ಲಗೆ ತೂರಿಸಿ. ಪಂಕ್ಚರ್ ಅಂಗಡಿಯ ಜೋರು ಗಾಳಿ ಹೊಡೆಸಿದರೆ ಪೈಪು ಲೈನಿಂಗಿನೊಳಗೆ ಕಳಚಿಕೊಳ್ಳುತ್ತದೆ, ಆಮೇಲೆ ಪ್ರತಿ ಮಳೆಯೂ ಸೀಟಿನ ಮೇಲೇ.

ಇಡೀ ಚೌಕಟ್ಟು ಬದಲಿಸಬೇಕು ಎಂದು ಗ್ಯಾರೇಜಿನವರು ಹೇಳಿದರೆ ಮುರಿದ ಭಾಗ ತೋರಿಸಿ ಎನ್ನಿ. ರೈಲು ಬಾಗಿದ್ದರೆ, ಪಿನ್ನಿನ ಸೀಳು ಸವೆದು ಅಗಲವಾಗಿದ್ದರೆ ಅವರ ಮಾತು ನಿಜ. ಬರೀ ಸ್ಲೈಡರ್ ಅಥವಾ ಕೇಬಲ್ ಆಗಿದ್ದರೆ ರಿಪೇರಿ ಕಿಟ್ ಸಿಗುತ್ತದೆಯೇ ವಿಚಾರಿಸಿ. ಚೌಕಟ್ಟನ್ನು ಮಾಡಿದ್ದು ವೆಬಾಸ್ಟೊ, ಇನಾಲ್ಫಾದಂಥ ಕಂಪನಿಗಳಾಗಿರಬಹುದು; ಅದರ ಮೇಲಿನ ಸ್ಟಿಕರಿನ ನಂಬರ್ ಬರೆದುಕೊಂಡರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಲು ಅನುಕೂಲ, ಶಿವಾಜಿನಗರದ ಗುಜರಿಯಲ್ಲಿ ಹೊಂದುವ ಹಳೆಯ ಚೌಕಟ್ಟು ಹುಡುಕುವವರಿಗೂ ಅದೇ ಆಧಾರ.

ಬದಲಿಸಲೇಬೇಕಾದರೆ ರೂಫ್ ಲೈನಿಂಗ್ ಪೂರ್ತಿ ಇಳಿಯುತ್ತದೆ. ಪಕ್ಕದ ಕರ್ಟನ್ ಏರ್‌ಬ್ಯಾಗ್‌ಗಳು ಅಲ್ಲೇ ಇರುವುದರಿಂದ ಬ್ಯಾಟರಿಯ ನೆಗೆಟಿವ್ ಕಳಚಿ, ಮ್ಯಾನ್ಯುಯಲ್ ಹೇಳುವಷ್ಟು ಹೊತ್ತು ಕಾದು ಕೈಹಾಕಬೇಕು. ಇದು ಮನೆಯಂಗಳದ ಕೆಲಸವಲ್ಲ. ಹೊಸ ಚೌಕಟ್ಟು ಕೂತು, ಡ್ರೈನ್ ಪೈಪುಗಳು ಸೇರಿದ ಮೇಲೆ, ಲೈನಿಂಗ್ ಮರಳಿ ಹಾಕುವುದಕ್ಕೆ ಮೊದಲು, ಎಲ್ಲ ಮೂಲೆಗೂ ನಿಮ್ಮೆದುರೇ ನೀರು ಸುರಿಸಿ ತೋರಿಸಲು ಹೇಳಿ. ಲೈನಿಂಗ್ ಮುಚ್ಚಿದ ಮೇಲೆ ಸೋರಿಕೆ ಕಂಡರೆ ಅಷ್ಟನ್ನೂ ಮತ್ತೆ ಇಳಿಸಬೇಕಾಗುತ್ತದೆ.