ಆಪರೇಷನ್ ಆಯ್ತಲ್ಲ, ಇನ್ನೂ ಯಾಕೆ ಕೇಳಿಸ್ತಿಲ್ಲ?

ಯಾಕೆಂದರೆ ಕಿವಿಯೊಳಗೆ ಇನ್ನೂ ಸ್ಪಂಜು ತುಂಬಿದೆ.

ಇಷ್ಟು ಹೇಳಿದರೆ ಸಾಕಾಗಬೇಕು, ಸಾಕಾಗುವುದಿಲ್ಲ. ಮಡಿಕೇರಿಯಲ್ಲಿ ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಆಪರೇಷನ್ ಮಾಡುವವರು ಇಎನ್‌ಟಿ ಡಾಕ್ಟರು. ಅದಕ್ಕೆ ಮೊದಲು ಎಷ್ಟು ಕೇಳುತ್ತಿತ್ತು, ಆಮೇಲೆ ಎಷ್ಟು ಕೇಳುತ್ತಿದೆ ಎಂದು ಅಳೆದು ಗ್ರಾಫಿಗೆ ಇಳಿಸುವವಳು ನಾನು. ಹಾಗಾಗಿ ಈ ಪ್ರಶ್ನೆ ಡಾಕ್ಟರಿಗಿಂತ ಮೊದಲು ನನ್ನ ಹತ್ತಿರ ಬರುತ್ತದೆ. ಬಸ್‌ಸ್ಟ್ಯಾಂಡಿನಲ್ಲೂ ಬರುತ್ತದೆ, ಮದುವೆ ಊಟದ ಪಂಕ್ತಿಯಲ್ಲೂ ಬರುತ್ತದೆ. "ಮೇಡಂ, ಅಪ್ಪಂಗೆ ಆಪರೇಷನ್ ಆಗಿ ಹತ್ತು ದಿನ ಆಯ್ತು, ಏನೂ ಪ್ರಯೋಜನ ಕಾಣ್ತಿಲ್ಲ." ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ಅವರನ್ನು ಯಾರೂ ಏನೂ ಕೇಳುವುದಿಲ್ಲ.

ಹತ್ತನೇ ದಿನ ಆ ಕಿವಿ ಯಾವ ಸ್ಥಿತಿಯಲ್ಲಿರುತ್ತದೆ ಎಂದು ಒಮ್ಮೆ ಪೂರ್ತಿ ಹೇಳಿಬಿಡುತ್ತೇನೆ.

ನಮ್ಮ ಕಡೆ ಅತಿ ಹೆಚ್ಚು ಆಗುವುದು ಕಿವಿಪರದೆಯ ತೂತು ಮುಚ್ಚುವ ಆಪರೇಷನ್, ಟಿಂಪನೋಪ್ಲಾಸ್ಟಿ. ಪರದೆಯ ಅಗಲ ಒಂದು ಸೆಂಟಿಮೀಟರಿಗೂ ಕಡಿಮೆ, ದಪ್ಪ ಸುಮಾರು 0.1 ಮಿಲಿಮೀಟರ್. ಹಳೆಯ ತೂತಿನ ಅಂಚಿಗೆ ಚರ್ಮ ಬೆಳೆದಿರುತ್ತದೆ, ಅದಕ್ಕೇ ಅದು ತಾನಾಗಿ ಕೂಡುವುದಿಲ್ಲ. ಡಾಕ್ಟರು ಆ ಅಂಚನ್ನು ಸುತ್ತಲೂ ತೆಗೆದು ಹಸಿಗಾಯ ಮಾಡುತ್ತಾರೆ. ಕಿವಿಯ ಮೇಲುಗಡೆ, ಅಗಿಯುವಾಗ ಕೈಗೆ ಸಿಗುವ ಸ್ನಾಯುವಿನ ಮೇಲೊಂದು ತೆಳು ಪೊರೆ ಇದೆ. ಅದರಿಂದ ಒಂದು ತುಂಡು ತೆಗೆದು ಪರದೆಯ ಒಳಬದಿಯಿಂದ ಹಾಸುತ್ತಾರೆ. ಕೆಲವರಿಗೆ ಕಿವಿಯ ಮುಂದಿನ ಮೃದ್ವಸ್ಥಿಯ ತುಂಡು ಹಾಕುತ್ತಾರೆ. ಆ ತುಂಡಿಗೆ ಹೊಲಿಗೆ ಇಲ್ಲ, ಅಂಟೂ ಇಲ್ಲ. ಅದು ಜಾರದಂತೆ ಹಿಡಿದಿಡುವುದು ಜೆಲ್‌ಫೋಮ್ ಎಂಬ ಕರಗುವ ಸ್ಪಂಜು. ಪರದೆಯ ಹಿಂದೆ ಒಂದಷ್ಟು, ಮುಂದೆ ಒಂದಷ್ಟು ಇಟ್ಟು, ಹೊರಗಡೆ ಔಷಧಿ ಹಚ್ಚಿದ ಗಾಜ್ ಪಟ್ಟಿ ತುರುಕಿ, ಮೇಲೆ ಬ್ಯಾಂಡೇಜು ಕಟ್ಟುತ್ತಾರೆ. ಶಬ್ದ ಒಳಗೆ ಹೋಗುವ ದಾರಿಯೆಲ್ಲ ಬಂದ್. ಆಪರೇಷನ್‌ಗೆ ಮೊದಲು ಕೇಳುತ್ತಿದ್ದಷ್ಟೂ ಈಗ ಕೇಳುವುದಿಲ್ಲ, ಕೇಳಲೂಬಾರದು.

ತಲೆ ಸುತ್ತಿದ ಬ್ಯಾಂಡೇಜು ಒಂದೆರಡು ದಿನದಲ್ಲಿ ಬಿಚ್ಚುತ್ತಾರೆ. ಕಿವಿ ಹಿಂದಿನ ಹೊಲಿಗೆ ಏಳನೇ ದಿನದ ಹೊತ್ತಿಗೆ. ಒಳಗಿನ ಗಾಜ್ ಒಂದರಿಂದ ಮೂರು ವಾರದೊಳಗೆ, ಆಯಾ ಡಾಕ್ಟರ ಪದ್ಧತಿಯಂತೆ. ಸ್ಪಂಜನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಡ್ರಾಪ್ಸ್ ಹಾಕುತ್ತಾ ಹಾಕುತ್ತಾ ಹೊರಗಿನದು ಮೆತ್ತಗಾಗಿ ಕರಗುತ್ತದೆ, ಒಳಗಿನದನ್ನು ದೇಹವೇ ಕೆಲವು ವಾರಗಳಲ್ಲಿ ಹೀರಿಕೊಳ್ಳುತ್ತದೆ. ಆಗ ತೆಳು ಕಂದು, ಕೆಂಪು ನೀರು ಸ್ವಲ್ಪ ಒಸರಬಹುದು. "ಮತ್ತೆ ಸೋರೋಕೆ ಶುರುವಾಯ್ತು, ದುಡ್ಡು ಹಾಳು" ಎಂದು ಅಳಬೇಡಿ. ಅದು ಕೀವಲ್ಲ. ಹಳದಿಯಾಗಿ ದಪ್ಪಗಾದರೆ, ನಾತ ಬಂದರೆ ಆಗ ಬನ್ನಿ.

ಕಿವಿಯ ಹಾಲೆ ಮರಗಟ್ಟಿದಂತಿರುವುದು ತಿಂಗಳುಗಟ್ಟಲೆ ಇರಬಹುದು. ಒಳಗೆ ಪಟ್‌ಪಟ್ ಎನ್ನುವುದು, ಆ ಪಕ್ಕದ ನಾಲಗೆಗೆ ಲೋಹದ ರುಚಿ ಬರುವುದು ಕೂಡ ಸಾಮಾನ್ಯ. ರುಚಿಯ ನರ ಪರದೆಯ ಹಿಂದೆಯೇ ಹಾದುಹೋಗುತ್ತದೆ, ಕೆಲಸ ಮಾಡುವಾಗ ಅದಕ್ಕೆ ತಾಗುವುದುಂಟು.

ನಾನು ಮೂರು ತಿಂಗಳಿಗೆ ಪರೀಕ್ಷೆ ಮಾಡುತ್ತೇನೆ. ಅದಕ್ಕೆ ಮೊದಲು ಹಟ ಹಿಡಿದು ಮಾಡಿಸಿಕೊಂಡವರ ಗ್ರಾಫ್ ಹಳೆಯದಕ್ಕಿಂತ ಕೆಟ್ಟದಾಗಿ ಬರುತ್ತದೆ, ಮನೆಮಂದಿಯೆಲ್ಲ ಒಂದು ವಾರ ಊಟ ಬಿಡುತ್ತಾರೆ. ಕಾಯುವಾಗ ತೀರಾ ಭಯವಾದರೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಬಾಯಿ ಮುಚ್ಚಿ "ಮ್‌ಮ್‌ಮ್" ಎಂದು ಗುನುಗಿ. ಆಪರೇಷನ್ ಆದ ಕಿವಿಯಲ್ಲೇ ಅದು ಜೋರಾಗಿ ಕೇಳಿದರೆ ಒಳಗಿವಿ ಕೆಲಸ ಮಾಡುತ್ತಿದೆ, ಹೊರದಾರಿ ಮಾತ್ರ ಮುಚ್ಚಿದೆ ಎಂದರ್ಥ. ಮೊದಲು ಆ ಕಿವಿಯಲ್ಲೇ ಕೇಳುತ್ತಿದ್ದ ಗುನುಗು ಇದ್ದಕ್ಕಿದ್ದಂತೆ ಇನ್ನೊಂದು ಕಿವಿಗೆ ಸರಿದರೆ ಅದೇ ದಿನ ಡಾಕ್ಟರಿಗೆ ಹೇಳಿ. 512 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕನ್ನು ಹಣೆಗೆ ಇಟ್ಟು ಡಾಕ್ಟರು ನೋಡುವುದೂ ಇದನ್ನೇ.

"ಆದರೆ ಪಕ್ಕದ ತೋಟದವರಿಗೆ ಟೇಬಲ್ ಮೇಲೇ ಕೇಳಿಸ್ತಂತಲ್ಲ?"

ಈ ಪಕ್ಕದ ತೋಟದವರು ನನಗೆ ಕೊಡುವಷ್ಟು ಕಷ್ಟ ಬೇರೆ ಯಾರೂ ಕೊಡುವುದಿಲ್ಲ. ಅವರದು ಬೇರೆಯೇ ಆಪರೇಷನ್. ಅವರ ಪರದೆ ಚೆನ್ನಾಗಿತ್ತು. ಹಿಂದಿರುವ ಮೂರು ಪುಟ್ಟ ಮೂಳೆಗಳಲ್ಲಿ ಕೊನೆಯದು, ಕುದುರೆ ರಿಕಾಪಿನ ಆಕಾರದ ಮೂಳೆ, ಬಿಗಿದು ಅಲ್ಲಾಡದಂತಾಗಿತ್ತು. ಆಟೋಸ್ಕ್ಲೆರೋಸಿಸ್ ಎನ್ನುತ್ತಾರೆ, ಕೆಲವು ಮನೆತನಗಳಲ್ಲಿ ಸಾಗಿಬರುತ್ತದೆ. ಆ ಮೂಳೆಯ ಮೇಲ್ಭಾಗ ತೆಗೆದು, ಅದರ ತಳದಲ್ಲಿ ಒಂದು ಮಿಲಿಮೀಟರಿಗಿಂತ ಸಣ್ಣ ರಂಧ್ರ ಕೊರೆದು, ನಾಲ್ಕು ಮಿಲಿಮೀಟರ್ ಆಸುಪಾಸು ಉದ್ದದ ಟೆಫ್ಲಾನ್ ಪಿಸ್ಟನ್ ಕೂರಿಸುತ್ತಾರೆ. ಅಮೆರಿಕದ ಜಾನ್ ಶೀ 1956ರಲ್ಲಿ ಟೆಫ್ಲಾನ್ ಮೂಳೆ ಇಟ್ಟು ತೋರಿಸಿದ ಮೇಲೆ ಬೆಳೆದ ದಾರಿ ಇದು. ಹಲವು ಕಡೆ ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು ಮಾಡುತ್ತಾರೆ, ರೋಗಿ ಎಚ್ಚರವಾಗಿರುತ್ತಾರೆ, ಪಿಸ್ಟನ್ ಕೂತ ಕ್ಷಣ ಕೆಲವರಿಗೆ ಡಾಕ್ಟರ ಮಾತು ಸ್ಪಷ್ಟವಾಗುವುದು ನಿಜ. ಆಮೇಲೆ ಅವರಿಗೂ ಗಾಜ್ ತುರುಕುತ್ತಾರೆ, ಅವರಿಗೂ ವಾರಗಟ್ಟಲೆ ಮಂಕಾಗುತ್ತದೆ. ಆ ಭಾಗವನ್ನು ಅವರು ನಿಮಗೆ ಹೇಳಿಲ್ಲ. ನೂರರಲ್ಲಿ ಒಬ್ಬರಿಗೆ ಆ ಕಿವಿ ಪೂರ್ತಿ ಹೋಗಬಹುದು ಎಂದು ಸಹಿ ಹಾಕಿಸಿಕೊಂಡದ್ದನ್ನೂ ಹೇಳಿರಲಿಕ್ಕಿಲ್ಲ.

ಇನ್ನು ಕೊಲೆಸ್ಟಿಯಟೋಮಾ ಇರುವವರು. ಪರದೆಯ ಮೇಲ್ಭಾಗದಿಂದ ಚರ್ಮ ಒಳಗೆ ಹೊಕ್ಕು ಗಂಟಾಗಿ ಬೆಳೆದು, ಸುತ್ತಲ ಮೂಳೆಯನ್ನು ತಿನ್ನುತ್ತದೆ. ಸೋರುವುದು ಸ್ವಲ್ಪವೇ, ನಾತ ಮಾತ್ರ ವಿಪರೀತ. ಬಿಟ್ಟರೆ ಮುಖದ ನರಕ್ಕೆ, ಸಮತೋಲನದ ಭಾಗಕ್ಕೆ, ಕೊನೆಗೆ ಮಿದುಳಿಗೂ ಹೋಗಬಹುದು. ಈ ಆಪರೇಷನ್ ಮಾಡುವುದು ಜೀವ ಉಳಿಸಲು ಮತ್ತು ಕಿವಿ ಒಣಗಿಸಲು. ರೋಗ ಹತ್ತಿದ ಪುಟ್ಟ ಮೂಳೆಯನ್ನೇ ತೆಗೆಯಬೇಕಾಗಿ ಬಂದರೆ ಕೇಳುವುದು ಮೊದಲಿಗಿಂತ ಕಡಿಮೆಯಾಗಬಹುದು. ಅಂಥವರ ಮನೆಯವರು ನನ್ನ ಮುಂದೆ ಕೂತು "ಆಪರೇಷನ್ ಫೇಲ್" ಎಂದಾಗ ನನಗೆ ಸಿಟ್ಟು ಬರುತ್ತದೆ. ಆ ಮನುಷ್ಯ ಎದ್ದು ನಡೆದು ಬಂದಿದ್ದಾರೆ, ಮುಖ ಸೊಟ್ಟಗಾಗಿಲ್ಲ, ಕಿವಿ ಒಣಗಿದೆ. ಇದಕ್ಕಿಂತ ಏನು ಬೇಕು?

ಡಾಕ್ಟರು ಇದನ್ನೆಲ್ಲ ಮೊದಲೇ ಹೇಳಿರುತ್ತಾರೆ. ಎಲ್ಲಿ ಹೇಳಿರುತ್ತಾರೆ? ಗಿಜಿಗುಡುವ ಒಪಿಡಿಯಲ್ಲಿ, ಮಾಸ್ಕ್ ಹಾಕಿಕೊಂಡು, ಕಿವಿ ಕೇಳದವರಿಗೆ. ತುಟಿ ಕಾಣದಿದ್ದರೆ ಅವರಿಗೆ ಅರ್ಧ ಮಾತು ಹೋಯಿತು. ಅವರು ಮರ್ಯಾದೆಗೆ ತಲೆಯಾಡಿಸುತ್ತಾರೆ. ಇದು ನಮ್ಮ ಕಡೆಯ ತಪ್ಪು, ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ನಮ್ಮೆಲ್ಲರದು. ಆದ್ದರಿಂದ ಮನೆಯವರಲ್ಲಿ ನನ್ನ ಬೇಡಿಕೆ: ಹೇಳಿದ್ದನ್ನು ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಸಿಕೊಂಡು ಅಪ್ಪನ ಕೈಗೇ ಕೊಡಿ. ನಿಮ್ಮ ಜೇಬಿಗೆ ಹಾಕಿಕೊಳ್ಳಬೇಡಿ.

ನನಗೆ ಯಾರಾದರೂ ಕೇಳಲಿ ಎಂದು ಕಾಯುವ ಪ್ರಶ್ನೆ ಬೇರೆ ಇದೆ, ಮತ್ತು ಅದನ್ನು ಕೇಳಬೇಕಾದ್ದು ಆಪರೇಷನ್‌ಗೆ ಮೊದಲು. "ನನ್ನ ಮೂಳೆಯ ಗೆರೆ ಎಲ್ಲಿದೆ?"

ಆಡಿಯೋಗ್ರಾಂ, ಅಂದರೆ ನಾನು ಇಳಿಸುವ ಆ ಗ್ರಾಫ್, ಕೈಗೆ ಬಂದಾಗ ನೋಡಿ. ಹೆಡ್‌ಫೋನ್ ಹಾಕಿ ಮಾಡಿದ ಪರೀಕ್ಷೆಯ ಗೆರೆ ಒಂದು: ಬಲಗಿವಿಗೆ ಕೆಂಪು ಸೊನ್ನೆ, ಎಡಕ್ಕೆ ನೀಲಿ ಗುಣಾಕಾರ. ಕಿವಿ ಹಿಂದಿನ ಮೂಳೆಗೆ ಪುಟ್ಟ ಪೆಟ್ಟಿಗೆ ಒತ್ತಿ ಮಾಡಿದ ಗೆರೆ ಇನ್ನೊಂದು, ಅದನ್ನು ಕಂಸದ ಚಿಹ್ನೆಯಲ್ಲಿ ಬರೆದಿರುತ್ತೇವೆ. ಮೊದಲನೆಯದು ಇಡೀ ದಾರಿಯನ್ನು ಅಳೆಯುತ್ತದೆ. ಎರಡನೆಯದು ಪರದೆ, ಪುಟ್ಟ ಮೂಳೆಗಳನ್ನು ಬಿಟ್ಟು ನೇರ ಒಳಗಿವಿ ಮತ್ತು ನರವನ್ನು ಅಳೆಯುತ್ತದೆ. ಡೆಸಿಬಲ್ ಸಂಖ್ಯೆ ದೊಡ್ಡದಾದಷ್ಟೂ ಕೇಳುವುದು ಕಡಿಮೆ. ಇವೆರಡರ ನಡುವಿನ ಅಂತರವಷ್ಟೇ ಈ ಆಪರೇಷನ್‌ಗಳ ಕೈಗೆ ಸಿಗುವ ಭಾಗ. ಹೆಡ್‌ಫೋನ್ ಗೆರೆ 55 ಡೆಸಿಬಲ್, ಮೂಳೆಯದು 15 ಇದ್ದರೆ ಅಂತರ 40. ಎಲ್ಲ ಸರಿಹೋದರೆ ತುಂಬಾ ಗಳಿಕೆ. ಹೆಡ್‌ಫೋನ್ 70, ಮೂಳೆ 55 ಇದ್ದರೆ ಜಗತ್ತಿನ ಯಾವ ಡಾಕ್ಟರು ಪರದೆ ಹಾಕಿದರೂ ಆ ಕಿವಿ 55ರ ಆಸುಪಾಸಿನಲ್ಲೇ ನಿಲ್ಲುತ್ತದೆ. ತೂತು ಮುಚ್ಚಿದರೆ ಸೋರುವುದು ನಿಲ್ಲುತ್ತದೆ, ಆಮೇಲೆ ಒಣಗಿದ ಕಿವಿಗೆ ಹಿಯರಿಂಗ್ ಏಡ್ ಹಾಕಬಹುದು. ಅದೂ ಒಳ್ಳೆಯದೇ. ಮೊದಲೇ ಗೊತ್ತಿದ್ದರೆ ಯಾರೂ ಮೋಸಹೋದೆವು ಎಂದುಕೊಳ್ಳುವುದಿಲ್ಲ.

ಕೊಡಗಿನಲ್ಲಿ ಈ ಎರಡನೇ ಬಗೆಯವರು ಬಹಳ ಸಿಗುತ್ತಾರೆ, ಕಾರಣ ಕೋವಿ. ಸೇನೆಯಲ್ಲಿ ಗುಂಡಿನ ಸದ್ದಿನ ನಡುವೆ ವರ್ಷಗಟ್ಟಲೆ ಇದ್ದು ಬಂದವರು, ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವವರು, ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಕೋವಿ ಹಾರಿಸುವವರು. ಅವರ ಗ್ರಾಫ್ 4000 ಹರ್ಟ್ಸ್ ಹತ್ತಿರ ಗುಂಡಿಯಂತೆ ಕೆಳಗಿಳಿದಿರುತ್ತದೆ, ಮೂಳೆಯ ಗೆರೆಯೂ ಜೊತೆಗೇ ಇಳಿದಿರುತ್ತದೆ. ಬಲಗೈಯವರಿಗೆ ಎಡಗಿವಿ ಹೆಚ್ಚು ಕೆಡುತ್ತದೆ: ಗುರಿ ಹಿಡಿದಾಗ ನಳಿಗೆಯ ಬಾಯಿ ಇರುವ ಕಡೆಗೆ ಅದು ತಿರುಗಿರುತ್ತದೆ, ಬಲಗಿವಿಗೆ ತಲೆಯೇ ಅಡ್ಡ. ಆ ನಷ್ಟಕ್ಕೆ ಪರದೆಯ ಆಪರೇಷನ್ನೂ ಇಲ್ಲ, ಪಿಸ್ಟನ್ನೂ ಇಲ್ಲ. ಕಿವಿಗೆ ಪ್ಲಗ್ ಹಾಕಿ ಹೊಡೆಯಿರಿ. ಹಬ್ಬಕ್ಕೆ ಏನೂ ಕಡಿಮೆಯಾಗುವುದಿಲ್ಲ. ವೀಡ್ ಕಟರ್ ಹಿಡಿಯುವವರಿಗೂ ಇದೇ ಮಾತು.

ಮಾಡಿಸುವುದು ಯಾವ ತಿಂಗಳು ಎಂದು ಕೇಳಿದರೆ, ಆತುರವಿಲ್ಲದ ಒಣ ತೂತಿಗೆ ನಾನು ಹೇಳುವುದು ಕಾಫಿ ಕೊಯ್ಲು ಮುಗಿದ ಮೇಲೆ, ಮಾರ್ಚ್ ಸುಮಾರಿಗೆ. ಜೂನ್ ಮಳೆ ಹಿಡಿಯುವಷ್ಟರಲ್ಲಿ ಪರದೆ ಕೂಡಿರುತ್ತದೆ. ಕೊಯ್ಲಿನ ನಡುವೆ ಮಾಡಿಸಿಕೊಂಡರೆ ಎರಡು ವಾರಕ್ಕೇ ಐವತ್ತು ಕಿಲೋ ಚೀಲಕ್ಕೆ ಕೈ ಹಾಕುತ್ತೀರಿ. ಮುಕ್ಕಿ ಭಾರ ಎತ್ತಿದಾಗ ಒತ್ತಡ ಕಿವಿಗೂ ಏರುತ್ತದೆ, ಹೊಸ ಪೊರೆ ಸರಿಯುತ್ತದೆ. ಪಿಸ್ಟನ್ ಹಾಕಿಸಿಕೊಂಡವರು ಡಾಕ್ಟರು ಹೇಳುವ ತನಕ ಕಾಳುಮೆಣಸು ಕೊಯ್ಯುವ ಏಣಿ ಹತ್ತಲೇಬೇಡಿ. ತಲೆಸುತ್ತು ಹೇಳಿ ಬರುವುದಿಲ್ಲ. ಕೊಲೆಸ್ಟಿಯಟೋಮಾ ಇದ್ದವರು ಮಾತ್ರ ಕೊಯ್ಲು, ಮಳೆ ಯಾವುದನ್ನೂ ನೋಡಬೇಡಿ, ಡಾಕ್ಟರು ಕೊಟ್ಟ ತಾರೀಖಿಗೆ ಹೋಗಿ.

ಸೀನು ಬಂದರೆ ಬಾಯಿ ತೆರೆದು ಸೀನಿ, ಮೂಗು ಹಿಡಿಯಬೇಡಿ, ಜೋರಾಗಿ ಸೀಟಬೇಡಿ. ಮೆಣಸು ತೂರುವ ಕಡೆ, ಕಾಫಿ ಹುಡಿ ಏಳುವ ಮಿಲ್ಲಿನ ಕಡೆ ಸುಳಿಯಬೇಡಿ. ಮೂಗಿನ ಅಲರ್ಜಿ, ಸೈನಸ್ ಇದ್ದರೆ ಅದಕ್ಕೆ ಮೊದಲೇ ಚಿಕಿತ್ಸೆ ಮಾಡಿಸಿ. ಮೂಗಿನ ಹಿಂದಿನಿಂದ ಕಿವಿಗೆ ಗಾಳಿ ಹೋಗುವ ನಳಿಗೆ ಕಟ್ಟಿದ್ದರೆ ಎಷ್ಟು ಚೆನ್ನಾಗಿ ಹಾಕಿದ ಪರದೆಯೂ ಒಳಕ್ಕೆ ಎಳೆದುಕೊಳ್ಳುತ್ತದೆ. ಬೀಡಿ, ಸಿಗರೇಟು ಸೇದುವವರಲ್ಲಿ ಪೊರೆ ಹಿಡಿಯದಿರುವುದು ಹೆಚ್ಚು. ಮಂಗಳೂರಿಗೆ ಹೋಗಬೇಕಾದರೆ ಸಂಪಾಜೆ ಘಾಟಿ ಇಳಿಯುವಾಗ ನೀರು ಗುಟುಕರಿಸುತ್ತಾ ಇರಿ. ಸಾವಿರ ಮೀಟರಿನಷ್ಟು ಇಳಿಯುತ್ತೀರಿ, ಹೊರಗಿನ ಒತ್ತಡ ಏರುತ್ತದೆ, ನುಂಗಿದಾಗ ಆ ನಳಿಗೆ ತೆರೆದು ಸಮವಾಗುತ್ತದೆ. ಮೂಗು ಮುಚ್ಚಿ ಊದುವುದು ಬೇಡ. ಹತ್ತುವಾಗ ಇಷ್ಟು ಕಷ್ಟವಿಲ್ಲ, ಒಳಗಿನ ಗಾಳಿ ತಾನಾಗಿ ಹೊರಬರುತ್ತದೆ.

ಸ್ನಾನಕ್ಕೆ ಮೊದಲು ಹತ್ತಿಗೆ ವ್ಯಾಸಲೀನ್ ಚೆನ್ನಾಗಿ ಹಚ್ಚಿ ಕಿವಿಯ ಬಾಯಿಗೆ ಇಡಿ. ಬರೀ ಹತ್ತಿ ನೀರು ಹೀರಿ ಒಳಕ್ಕೆ ಕೊಡುತ್ತದೆ. ಹೊಳೆ, ತೋಡಿನಲ್ಲಿ ಮುಳುಗುವುದು ಮೂರು ತಿಂಗಳು ಬೇಡ, ಆಮೇಲೂ ಕೇಳಿಯೇ ಇಳಿಯಿರಿ. ಮತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ. ಅಜ್ಜಿಯಂದಿರ ಮೇಲೆ ನನಗೆ ತುಂಬ ಗೌರವವಿದೆ, ಆದರೂ ತೂತಿದ್ದ ಕಿವಿಗೂ ಹೊಸ ಪರದೆ ಹಾಕಿದ ಕಿವಿಗೂ ಆ ಎಣ್ಣೆ ಒಂದು ಹನಿಯೂ ಬೇಡ. ನಮ್ಮ ಮಳೆಗಾಲದ ತೇವದಲ್ಲಿ ಎಣ್ಣೆ ಬಿದ್ದ ಕಿವಿಗೆ ಬೂಸ್ಟು ಹಿಡಿಯುತ್ತದೆ, ಅದನ್ನು ತೆಗೆಸಲು ವಾರಗಟ್ಟಲೆ ಓಡಾಡಬೇಕು.

ಮೂರು ತಿಂಗಳು ಕಾಯದೆ ಕೂಡಲೇ ಬರಬೇಕಾದ್ದು ಇವಕ್ಕೆ: ಬಾಯಿ ಒಂದು ಕಡೆ ಎಳೆದರೆ, ಕಣ್ಣು ಮುಚ್ಚಲಾಗದಿದ್ದರೆ, ನಿಲ್ಲದ ತಲೆಸುತ್ತು ವಾಂತಿಯಿದ್ದರೆ, ಜ್ವರದ ಜೊತೆ ತಲೆನೋವಿದ್ದು ಕುತ್ತಿಗೆ ಬಿಗಿದರೆ, ತಿಳಿನೀರು ಒಂದೇ ಸಮನೆ ಸೋರಿದರೆ. ರಾತ್ರಿಯಾದರೂ ಬನ್ನಿ.

ಮೂರನೇ ತಿಂಗಳು ಬರುವಾಗ ಆಪರೇಷನ್‌ಗೆ ಮೊದಲಿನ ಆಡಿಯೋಗ್ರಾಂ ತನ್ನಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾಡಿಸಿದ್ದರೂ ಸರಿ, ಎಲ್ಲಿ ಮಾಡಿಸಿದ್ದರೂ ಸರಿ, ಮೂಳೆಯ ಗೆರೆ ಇರುವ ಕಾಗದವೇ ಬೇಕು. ಮತ್ತು ಅಪ್ಪನನ್ನು ನನ್ನ ಎದುರಿನ ಕುರ್ಚಿಯಲ್ಲಿ ಕೂರಿಸಿ. ಪ್ರಶ್ನೆ ಅವರೇ ಕೇಳಲಿ, ನಾನು ಮಾಸ್ಕ್ ತೆಗೆದು ಅವರಿಗೇ ಉತ್ತರ ಹೇಳುತ್ತೇನೆ.