ಆ ಒಂದು ಕೇಸಿನ ಮದ್ದು ಎಲ್ಲಿ ಹೋಯ್ತು?

ಶೂಟಿಂಗ್ ರೇಂಜಿನಲ್ಲಿ ನನ್ನ ರಿವಾಲ್ವರ್‌ನ ಹದಿನಾಲ್ಕನೇ ಗುಂಡು ಒದ್ದೆ ಪಟಾಕಿಯ ಹಾಗೆ 'ಟುಸ್' ಅಂದಿತು. ಕೈಗೆ ಒದೆತವೇ ಬರಲಿಲ್ಲ. ಮುಂದಿನ ಗುಂಡಿಗೆ ಬೆರಳು ಆಗಲೇ ಟ್ರಿಗರ್ ಮೇಲಿತ್ತು. ಪಕ್ಕದ ಲೇನಿನ ಹಿರಿಯರೊಬ್ಬರು "ಸ್ಟಾಪ್!" ಅಂತ ಜೋರಾಗಿ ಕೂಗಿದರು. ಬೆರಳು ತೆಗೆದೆ.

ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಒಂದು ನಿಮಿಷ ಕಾದೆವು. ಮದ್ದು ತಡವಾಗಿ ಹೊತ್ತಿಕೊಳ್ಳುವುದೂ ಉಂಟು. ಆಮೇಲೆ ಸಿಲಿಂಡರ್ (ಕಾಡತೂಸು ಕೂರುವ, ತಿರುಗುವ ಉರುಳೆ) ಖಾಲಿ ಮಾಡಿ, ತುದಿಯಿಂದ ಹಿತ್ತಾಳೆ ಸರಳು ಇಳಿಸಿದರೆ ಅರ್ಧದಲ್ಲೇ ನಿಂತಿತು. ಗುಂಡು ನಳಿಗೆಯೊಳಗೇ ಕೂತಿತ್ತು. ಇನ್ನೊಂದು ಹೊಡೆದಿದ್ದರೆ ಅದು ಹಿಂದಿನಿಂದ ಬಂದು ಇದಕ್ಕೆ ಬಡಿದು ನಳಿಗೆ ಉಬ್ಬುತ್ತಿತ್ತು, ಇಲ್ಲವೇ ಸೀಳುತ್ತಿತ್ತು.

ನಾನು ಕೊಡಗಿನವನು. ಈಗ ಅರಿಝೋನಾದ ಫೀನಿಕ್ಸ್‌ನಲ್ಲಿದ್ದೇನೆ. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಅಜ್ಜನ ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುವುದನ್ನು ನೋಡುತ್ತಾ ಬೆಳೆದವನು. ಇಲ್ಲಿ ಗ್ರೀನ್ ಕಾರ್ಡ್ ಬರುವವರೆಗೆ ಆ ಆಸೆಯನ್ನು ಬದಿಗಿಟ್ಟಿದ್ದೆ. ಬಂದ ಮೇಲೆ ಒಂದು ಹಳೆಯ ಸ್ಮಿತ್ ಅಂಡ್ ವೆಸನ್ ಮಾಡೆಲ್ 10 ಕೊಂಡೆ. .38 ಸ್ಪೆಷಲ್ ಅನ್ನುವ ಕಾಡತೂಸಿನ ರಿವಾಲ್ವರ್. ಅದರ ಕಾಡತೂಸನ್ನು ಗ್ಯಾರೇಜಿನಲ್ಲಿ ನಾನೇ ತುಂಬುತ್ತೇನೆ. ಸ್ವಂತಕ್ಕೆ ತುಂಬಿಕೊಳ್ಳಲು ಇಲ್ಲಿ ಫೆಡರಲ್ ಲೈಸೆನ್ಸ್ ಬೇಕಿಲ್ಲ. ಊರಿನವರು ಇದನ್ನು ಓದಿ ಕೈ ಹಾಕಬೇಡಿ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಕಾಡತೂಸು ತಯಾರಿಸುವುದು 1959ರ ಆಯುಧ ಕಾಯ್ದೆ ಪ್ರಕಾರ ಅಪರಾಧ. ಕೊಡವರಿಗೂ ಅಲ್ಲಿನ ಜಮ್ಮಾ (ವಂಶಪಾರಂಪರ್ಯದ) ಭೂಮಿಯವರಿಗೂ ಇರುವ ಲೈಸೆನ್ಸ್ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತಯಾರಿಕೆಗಲ್ಲ.

ಆ ದಿನ ರೇಂಜಿನಿಂದ ಮನೆಗೆ ಬರುವಾಗ ತಲೆಯಲ್ಲಿ ಒಂದೇ ಪ್ರಶ್ನೆ. ಒಂದು ಕೇಸಿಗೆ, ಅಂದ್ರೆ ಕಾಡತೂಸಿನ ಹಿತ್ತಾಳೆ ಕೊಳವೆಗೆ, ಮದ್ದು ಬಿದ್ದಿಲ್ಲ. ಅದರ ತಳದಲ್ಲಿ ಕಿಡಿ ಕೊಡುವ ಪ್ರೈಮರ್ ಒಂದೇ ಸಿಡಿದು ಗುಂಡನ್ನು ಅರ್ಧದವರೆಗೆ ತಳ್ಳಿದೆ. ಹಾಗಾದರೆ ಆ ಮದ್ದು ಎಲ್ಲಿ ಹೋಯ್ತು?

.38 ಸ್ಪೆಷಲ್ ಕಪ್ಪು ಮದ್ದಿನ ಕಾಲದ ಅಳತೆಯ ಕೇಸು. ಆಗ ಅದು ತುಂಬುವಷ್ಟು ಮದ್ದು ಬೇಕಿತ್ತು. ಈಗಿನ ಹೊಗೆಯಿಲ್ಲದ ಮದ್ದು ಕೆಲವೇ ಗ್ರೇನ್ ಸಾಕು. 7000 ಗ್ರೇನ್ ಸೇರಿದರೆ ಒಂದು ಪೌಂಡ್, ಅಂದ್ರೆ ಎಷ್ಟು ಕಡಿಮೆ ಅಂತ ನೀವೇ ಲೆಕ್ಕ ಹಾಕಿ. ಹಾಗಾಗಿ ಕೇಸಿನ ಅರ್ಧವೂ ತುಂಬುವುದಿಲ್ಲ. ಎರಡು ಪಾಲು ಬಿದ್ದರೂ ಉಕ್ಕುವುದಿಲ್ಲ, ಮೇಲೆ ಗುಂಡು ಸಲೀಸಾಗಿ ಕೂರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಒಂದೇ ತರಹ. ಈ ಕಾಡತೂಸಿಗೆ ನಿಗದಿಯಾದ ಗರಿಷ್ಠ ಒತ್ತಡ 17,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್). ಎರಡು ಪಾಲು ಮದ್ದಿಗೆ ಒತ್ತಡವೂ ಎರಡರಷ್ಟೇ ಏರುತ್ತದೆ ಅನ್ನುವ ಹಾಗಿಲ್ಲ, ಅದಕ್ಕಿಂತ ತುಂಬಾ ಜಾಸ್ತಿ ಏರಬಹುದು. ಸಿಲಿಂಡರ್ ಒಡೆದು ಚೂರು ಮುಖಕ್ಕೆ ಬರಬಹುದು.

ಒಟ್ಟು 50 ತುಂಬಿದ್ದೆ. ಉಳಿದದ್ದು 36. ಅಷ್ಟನ್ನೂ ಬಿಚ್ಚಲು ಕೂತೆ. ಅದಕ್ಕೆ ಸುತ್ತಿಗೆಯ ಆಕಾರದ ಒಂದು ಪುಲ್ಲರ್ ಬರುತ್ತದೆ. ಕಾಡತೂಸನ್ನು ಅದರೊಳಗೆ ಸಿಕ್ಕಿಸಿ ಮರದ ತುಂಡಿಗೆ ಬಡಿದರೆ ಗುಂಡು ಸಡಿಲವಾಗಿ ಈಚೆ ಬರುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡು ಒಂದೊಂದೇ ಬಡಿದೆ, ಒಂದೊಂದರ ಮದ್ದನ್ನೂ ತೂಗಿದೆ. ಒಂದು ಸರಿ. ಹತ್ತು ಸರಿ. ಇಪ್ಪತ್ತೂ ಸರಿ. ಇಪ್ಪತ್ತೊಂಬತ್ತನೆಯದನ್ನು ತಕ್ಕಡಿಗೆ ಸುರಿದಾಗ ತೂಕ ಸರಿಯಾಗಿ ಎರಡರಷ್ಟಿತ್ತು.

ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಒಳಗೆ ಮಗಳು ಟೀವಿ ನೋಡುತ್ತಿದ್ದ ಸದ್ದು ಕೇಳುತ್ತಿತ್ತು.

ನನ್ನ ಮದ್ದು ಚಪ್ಪಟೆ ಚೂರಿನದು, ಪುಡಿಯಾದ ಅವಲಕ್ಕಿಯಂತೆ. ಅಳತೆ ಯಂತ್ರದ ಬಾಯಲ್ಲಿ ಅದು ಒಮ್ಮೊಮ್ಮೆ ಕಚ್ಚಿಕೊಳ್ಳುತ್ತದೆ. ಒಂದು ಕೇಸಿಗೆ ಏನೂ ಬೀಳುವುದಿಲ್ಲ, ಮುಂದಿನದಕ್ಕೆ ಎರಡರದ್ದೂ ಒಟ್ಟಿಗೆ ಬೀಳುತ್ತದೆ. ಇದು ನನಗೆ ಗೊತ್ತಿತ್ತು. ಅದಕ್ಕೇ 50 ಕೇಸಿಗೂ ಮದ್ದು ಹಾಕಿ, ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಟಾರ್ಚ್ ಬಿಟ್ಟು ಪ್ರತಿಯೊಂದರ ಒಳಗೂ ನೋಡುವುದು ನನ್ನ ಪದ್ಧತಿ. ಮಟ್ಟ ಹೆಚ್ಚು ಕಡಿಮೆಯಾಗಿದ್ದರೆ ಒಂದೇ ನೋಟಕ್ಕೆ ತಿಳಿಯುತ್ತದೆ. ಆ ದಿನ ಮದ್ದು ಹಾಕಿ ಮುಗಿಸುವಷ್ಟರಲ್ಲಿ ಮಡಿಕೇರಿಯಿಂದ ತಂಗಿಯ ಫೋನ್. ಇಲ್ಲಿ ಶನಿವಾರ ಬೆಳಿಗ್ಗೆ ಎಂಟು, ಅಲ್ಲಿ ರಾತ್ರಿ ಎಂಟೂವರೆ. ಅಮ್ಮನ ಮಂಡಿನೋವಿನ ಮಾತು, ಇಪ್ಪತ್ತು ನಿಮಿಷ. ವಾಪಸ್ ಬಂದವನು ಟಾರ್ಚ್ ಹಿಡಿದು ನೋಡಿದ್ದೇನೆ ಅಂದುಕೊಂಡು ಗುಂಡು ಕೂರಿಸಲು ಶುರು ಮಾಡಿದೆ.

ಈಗ ಮಧ್ಯೆ ಎದ್ದರೆ, ಅಷ್ಟೂ ಕೇಸಿನ ಮದ್ದನ್ನು ಡಬ್ಬಕ್ಕೆ ವಾಪಸ್ ಸುರಿದು ಮೊದಲಿನಿಂದ ಶುರು ಮಾಡುತ್ತೇನೆ. ಖಾಲಿ ಕೇಸು ಹಲಗೆಯಲ್ಲಿ ತಲೆಕೆಳಗಾಗಿ ನಿಂತಿರುತ್ತದೆ, ಮದ್ದು ಬಿದ್ದ ಮೇಲೆ ಮಾತ್ರ ನೇರ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬ. ತಕ್ಕಡಿ ಇರುವಾಗ ಫ್ಯಾನ್ ಬಂದ್. ಜೂನ್ ತಿಂಗಳ ಫೀನಿಕ್ಸ್‌ನಲ್ಲಿ ಇದು ಕಷ್ಟ, ಆದರೆ ಫ್ಯಾನ್ ಗಾಳಿಗೇ ತೂಕ ಅಲ್ಲಾಡುತ್ತದೆ. ಬೇಸಿಗೆಯ ಗ್ಯಾರೇಜ್ ಒಲೆಯಂತಾಗುವುದರಿಂದ ಮದ್ದು ಮತ್ತು ಪ್ರೈಮರ್ ಅವುಗಳ ಮೂಲ ಡಬ್ಬದಲ್ಲೇ ಮನೆಯೊಳಗೆ ಬೀಗದ ಕಪಾಟಿನಲ್ಲಿರುತ್ತವೆ.

ಗುಂಡು ಕೂರಿಸಿದ ಮೇಲೆ ಕೇಸಿನ ಬಾಯಿ ಬಿಗಿಯಾಗಿ ಮಡಚಿರಬೇಕು. ಇಲ್ಲದಿದ್ದರೆ ಒದೆತಕ್ಕೆ ಪಕ್ಕದ ಗುಂಡುಗಳು ಮುಂದೆ ಜಾರಿ ಸಿಲಿಂಡರ್ ತಿರುಗುವುದಿಲ್ಲ. ಪ್ರೈಮರ್ ಮೇಲೆದ್ದಿದೆಯಾ ಅಂತ ಬೆರಳಾಡಿಸಿ ನೋಡುತ್ತೇನೆ. ಗುಂಡಿನ, ಪ್ರೈಮರ್‌ನ ಸೀಸ ವಿಷ, ಆ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಕೇಸು ತೊಳೆಯುವುದು ಮನೆ ಹೊರಗೆ, ಮೇಜಿನ ಹತ್ತಿರ ಕಾಫಿ ಇಲ್ಲ, ಕೈ ತೊಳೆದು ಅಂಗಿ ಬದಲಿಸದೆ ಮಗಳನ್ನು ಎತ್ತಿಕೊಳ್ಳುವುದಿಲ್ಲ.

ಎಷ್ಟು ಗ್ರೇನ್ ಹಾಕ್ತೀರಿ ಅಂತ ಕೆಲವರು ಕೇಳುತ್ತಾರೆ. ಹೇಳುವುದಿಲ್ಲ. ಮದ್ದು ತಯಾರಿಸಿದ ಕಂಪನಿಯ ಪುಸ್ತಕದಲ್ಲಿದೆ. ನಿಮ್ಮ ಗುಂಡಿಗೆ, ನಿಮ್ಮ ಮದ್ದಿಗೆ ಅದರಲ್ಲಿ ಕೊಟ್ಟ ಆರಂಭದ ಅಳತೆಯಿಂದಲೇ ಶುರು ಮಾಡಿ.

ಫೋನ್ ಈಗ ಅಡುಗೆಮನೆಯಲ್ಲಿರುತ್ತದೆ. ಶನಿವಾರ ತಂಗಿ ಫೋನ್ ಮಾಡಿದರೆ ನನ್ನ ಹೆಂಡತಿಯೇ ಎತ್ತುತ್ತಾಳೆ. "ನಿಮ್ಮಣ್ಣ ಮದ್ದು ಹಾಕ್ತಿದ್ದಾರೆ, ಆಮೇಲೆ ಅವರೇ ಮಾಡ್ತಾರೆ" ಅನ್ನುತ್ತಾಳೆ. "ಸರಿ ಅತ್ತಿಗೆ, ಅಲ್ಲಿವರೆಗೆ ನೀವೇ ಮಾತಾಡಿ" ಅಂತಾಳೆ ತಂಗಿ.